‘ಅನುದಿನದ ಆಹಾರ’ ಎಂಬಲ್ಲಿ ಗ್ರೀಕ್ ಮೂಲ ಏನನ್ನುತ್ತದೆ?

ಪ್ರಶ್ನೆ: ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು’ ಎಂದು ಪ್ರಾರ್ಥಿಸುತ್ತೇವೆ. ‘ಅನುದಿನ’ ಇದ್ದಮೇಲೆ ‘ಈಹೊತ್ತು’ ಯಾಕೆ? ಹೇಳಿದ್ದನ್ನೇ ಮತ್ತೆ ಹೇಳಿದಂತಾಗಲಿಲ್ಲವೇ?

ಕನ್ನಡದಲ್ಲಿ ಓದಿದರೆ ಹಾಗೇ ಅನ್ನಿಸುತ್ತದೆ. ‘ಅನುದಿನದ’ ಎಂದಿರುವ ಕಡೆ ಗ್ರೀಕಿನಲ್ಲಿರುವುದು ‘ಎಪಿಊಸಿಯೊಸ್’. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇದು ಬರುವುದು ಎರಡೇ ಕಡೆ, ಮತ್ತಾಯ 6:11 ಮತ್ತು ಲೂಕ 11:3, ಎರಡೂ ಇದೇ ಪ್ರಾರ್ಥನೆ. ಮೂರನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್ ಗ್ರೀಕಿನಲ್ಲೇ ಬರೆದವನು. ಅವನಿಗೂ ಇದು ಅಪರಿಚಿತ ಪದ: ವಿದ್ವಾಂಸರು ಬಳಸಿದ್ದಿಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತೆ ಬರೆದವರೇ ಟಂಕಿಸಿರಬೇಕು ಎಂದ. ಈಜಿಪ್ಟಿನ ಹವಾರಾದಲ್ಲಿ ಸಿಕ್ಕ ಖರ್ಚಿನ ಪಟ್ಟಿಯೊಂದರಲ್ಲಿ ಈ ಪದವಿದೆ ಎಂದು 1889ರಿಂದ ನಂಬಲಾಗಿತ್ತು. ಕಳೆದುಹೋಗಿದ್ದ ಆ ಪಪೈರಸ್ ಹಾಳೆ ನೂರು ವರ್ಷದ ಮೇಲೆ ಪತ್ತೆಯಾದಾಗ ಅಕ್ಷರ ಬಿಡಿಸಿ ನೋಡಿದರೆ, ಅಲ್ಲಿದ್ದದ್ದು ‘ಎಣ್ಣೆ’!

ಹೀಗಾಗಿ ಅನುವಾದಕರೂ ತಡವರಿಸಿದರು. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಅದೇ ಪದಕ್ಕೆ ಲೂಕನಲ್ಲಿ ‘ದಿನನಿತ್ಯದ’ ಎಂದೂ ಮತ್ತಾಯನಲ್ಲಿ ‘ಭೌತಿಕ ಸತ್ವವನ್ನು ಮೀರಿದ’ ಎಂದೂ ಬರೆದ. ಸಿರಿಯಾಕ್ ಭಾಷೆಯ ಹಳೆಯ ಬೈಬಲ್ ಅನುವಾದವಾದ ಪೆಶಿತ್ತಾ ‘ನಮಗೆ ಅಗತ್ಯವಾದ ರೊಟ್ಟಿ’ ಎನ್ನುತ್ತದೆ.

ಬರೀ ‘ದಿನದಿನದ’ ಎನ್ನುವುದಿದ್ದರೆ ಇಷ್ಟು ಅಪರೂಪದ ಪದ ಬೇಕಿರಲಿಲ್ಲ. ಯಾಕೋಬ 2:15ರಲ್ಲಿ ದಿನದ ಆಹಾರಕ್ಕೆ ‘ಎಫೆಮೆರೊಸ್’ ಎಂಬ ಬಳಕೆಯ ಪದವೇ ಇದೆ. ಲೂಕನಂತೂ ಅದೇ ವಚನದಲ್ಲಿ ‘ಪ್ರತಿದಿನವೂ’ ಎಂಬುದನ್ನು ಬೇರೆಯಾಗಿ ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳು 16:11ರಲ್ಲಿ ‘ಮರುದಿನ’ಕ್ಕೆ ಇರುವ ಪದ ‘ಎಪಿಊಸಾ’. ನಮ್ಮ ಪದ ಅದರ ಕುಡಿ ಎಂಬ ವಾದವೇ ನನಗೆ ಗಟ್ಟಿ ಅನ್ನಿಸುತ್ತದೆ. ಬೈಬಲಿಗೆ ಸೇರದ ‘ಇಬ್ರಿಯರ ಸುವಾರ್ತೆ’ ಎಂಬ ಹಳೆಯ ಗ್ರಂಥದಲ್ಲಿ ಈ ಜಾಗದಲ್ಲಿ ‘ನಾಳೆಯ’ ಎಂಬರ್ಥದ ‘ಮಾಹಾರ್’ ಇತ್ತೆಂದು ಜೆರೋಮನೇ ದಾಖಲಿಸಿದ್ದಾನೆ.

ಆಗ ವಚನ ಹೀಗಾಗುತ್ತದೆ: ‘ಬರುವ ದಿನದ ರೊಟ್ಟಿಯನ್ನು ಈಹೊತ್ತು ಕೊಡು.’ ಎರಡು ಪದಕ್ಕೂ ಅದರದರ ಕೆಲಸ ಸಿಕ್ಕಿತು. ಹಾಗಾದರೆ ಮತ್ತಾಯ 6ರಲ್ಲೇ ಇರುವ ‘ನಾಳಿನ ವಿಷಯವಾಗಿ ಚಿಂತೆ ಮಾಡಬೇಡಿರಿ’ ಎಂಬ ಮಾತಿಗೆ ಇದು ವಿರುದ್ಧವಲ್ಲವೇ? ಕೂಲಿಯವರ ಬದುಕನ್ನು ನೆನೆಯಿರಿ. ಮತ್ತಾಯ 20ರ ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯಾದ ಮೇಲೆ ಆಳುಗಳಿಗೆ ಒಂದೊಂದು ದೆನಾರಿ, ಅಂದರೆ ದಿನದ ಕೂಲಿಯ ನಾಣ್ಯ, ಕೊಡುತ್ತಾರೆ. ಕೂಲಿಯನ್ನು ರಾತ್ರಿಯಿಡೀ ತಡೆಹಿಡಿಯಬಾರದೆಂದು ಯಾಜಕಕಾಂಡ 19:13ರ ಕಟ್ಟಳೆ. ಯೆಹೂದ್ಯರ ಲೆಕ್ಕದಲ್ಲಿ ಹೊಸ ದಿನ ಶುರುವಾಗುವುದೂ ಸೂರ್ಯ ಮುಳುಗಿದಾಗಲೇ. ಸಂಜೆ ಕೈಗೆ ಬಂದ ಕಾಸಿನಿಂದ ಮರುದಿನ ಒಲೆ ಹೊತ್ತಬೇಕು. ಅದು ಬಂದರೆ ಆ ರಾತ್ರಿ ಚಿಂತೆಯಿಲ್ಲದೆ ಮಲಗಬಹುದು.