ಹಾರ್ಮೋನಿಯಂ, ಢೋಲಕ್ ನಡುವೆ ಕೇಳಿಸುವ ಗಿಟಾರ್ ಯಾವುದು?

ಪ್ರಶ್ನೆ: ಶಹಾಪುರದಾಗ ನಾವು ಏಳೆಂಟು ಮಂದಿ ಗೆಳೆಯರು ಕೂಡಿ ವಚನ, ತತ್ವಪದ, ಭಾವಗೀತೆ ಹಾಡ್ತೀವಿ. ಹಾರ್ಮೋನಿಯಂ, ಢೋಲಕ್, ತಾಳ ಇರ್ತಾವ. ನನ್ನ ಹತ್ರ 38 ಇಂಚಿನ ಗಿಟಾರ್ ಅದ. ಮನ್ಯಾಗ ಛಲೋ ಕೇಳಸ್ತದ, ಎಲ್ಲರೂ ಶುರು ಮಾಡಿದ್ರ ಕೇಳಸೋದೇ ಇಲ್ಲ. ಕಾರ್ಡ್ ಹಿಡಿದು, ಅಂದ್ರ ಕೆಲವು ಸ್ವರ ಕೂಡಿಸಿ ಒತ್ತಿ, ತಂತಿಗಳನ್ನ ಒಮ್ಮೆಲೇ ಬಾರಿಸೋದಷ್ಟೇ (ಸ್ಟ್ರಮಿಂಗ್) ನನ್ನ ಕೆಲಸ. ಯಾವ ಗಿಟಾರ್ ತಗೋಬೇಕು?

ಉತ್ತರ: ಡ್ರೆಡ್‌ನಾಟ್ ಆಕಾರದ (ಅಗಲ ಸೊಂಟ, ಆಳ ಒಡಲಿನ), 41 ಇಂಚಿನ, ಉಕ್ಕಿನ ತಂತಿಯ ಗಿಟಾರ್ ತಗೊಳ್ಳಿ. ಮೇಲ್ಹಲಗೆ ಸ್ಪ್ರೂಸ್ ಮರದ್ದಿರಲಿ. ಹಿಂಬದಿ, ಪಕ್ಕ ಮಹಾಗನಿಯದಾದರೆ ಇನ್ನೂ ಒಳ್ಳೆಯದು. ಆದರೆ ಇಷ್ಟನ್ನೇ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಸಾಲದು. ಒಬ್ಬರೇ ಕೂತು ನುಡಿಸಿದಾಗ ಇಂಪಾಗಿ ಕೇಳುವ ಗಿಟಾರೇ ಗುಂಪಿಗೂ ಸರಿ ಅನ್ನುವ ನಂಬಿಕೆಯನ್ನು ಮೊದಲು ಬಿಡಬೇಕು.

ಯಾಕೆಂದರೆ ಹಾರ್ಮೋನಿಯಂ ನಡುವಿನ ಸ್ವರಗಳನ್ನೆಲ್ಲ ಬಿಡುವಿಲ್ಲದೆ ತುಂಬಿಬಿಡುತ್ತದೆ. ಕೆಳಗಿನ ಗುಂಯ್‌ಗುಡುವ ನಾದವನ್ನು ಢೋಲಕ್ಕಿನ ದಪ್ಪ ಬದಿ ಹಿಡಿದಿರುತ್ತದೆ. ಗಿಟಾರಿಗೆ ಉಳಿಯುವುದು ಪಿಕ್ (ಮೀಟುವ ಪುಟ್ಟ ಬಿಲ್ಲೆ) ತಂತಿಗೆ ತಾಗಿದಾಗ ಬರುವ ಆ ಝಣಝಣ, ಅದರ ಲಯ. ಮನೆಯಲ್ಲಿ ತುಂಬು ದನಿಯ ಗಿಟಾರ್ ಹಿತ ಅನ್ನಿಸುತ್ತದೆ. ಆದರೆ ಆ ತುಂಬುತನವೆಲ್ಲ ಕೂಟದಲ್ಲಿ ಢೋಲಕ್ಕಿನ ಕೆಳಗೆ ಹೂತುಹೋಗುತ್ತದೆ. ರೋಸ್‌ವುಡ್‌ಗಿಂತ ಮಹಾಗನಿ ನಿಮಗೆ ಸರಿ ಎನ್ನುವುದು ಇದಕ್ಕೇ. ರೋಸ್‌ವುಡ್‌ನಲ್ಲಿ ಮಂದ್ರದ ನಾದ ಬಹಳ ಹೊತ್ತು ನಿಲ್ಲುತ್ತದೆ, ಮಹಾಗನಿಯಲ್ಲಿ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳುತ್ತದೆ. ಇನ್ನೂ ದೊಡ್ಡ ಒಡಲಿನ ಜಂಬೋ ಗಿಟಾರಿನ ಆಸೆಯನ್ನೂ ಇದೇ ಕಾರಣಕ್ಕೆ ಬಿಡಿ. ಬೀದರ್‌ನ ಚರ್ಚ್‌ಗಳಲ್ಲಿ ಕೀಬೋರ್ಡ್ ಜೊತೆ ನುಡಿಸುವವರಿಗೂ ನಾನು ಹೇಳುವುದು ಇದನ್ನೇ.

ಡ್ರೆಡ್‌ನಾಟ್ ಹುಟ್ಟಿದ್ದೇ ದೊಡ್ಡ ದನಿಗಾಗಿ. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಮಾರಾಟಗಾರರಿಗೆಂದು ಇದನ್ನು ಮಾಡಿಕೊಟ್ಟಿತು. 1906ರ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರನ್ನೇ ಇಟ್ಟರು. ಅಗಲವಾದ ಸೊಂಟ, ಆಳವಾದ ಒಡಲು. ಹಾಡುವವರ ಬೆನ್ನಿಗೆ ನಿಲ್ಲಲು ಇದಕ್ಕಿಂತ ತಕ್ಕ ಆಕಾರ ನನಗೆ ಕಂಡಿಲ್ಲ.

ಅಂಗಡಿಗೆ ನಿಮ್ಮ ಢೋಲಕ್ ಗೆಳೆಯನನ್ನು ಕರೆದೊಯ್ಯಿರಿ. ಗಿಟಾರನ್ನು ಬೇರೊಬ್ಬರ ಕೈಗೆ ಕೊಟ್ಟು ನೀವು ಹತ್ತು ಅಡಿ ದೂರ ಎದುರಿಗೆ ನಿಲ್ಲಿ. ದನಿ ಮುಂದಕ್ಕೆ ಹೋಗುತ್ತದೆ, ನುಡಿಸುವವನ ಕಿವಿಗೆ ಪೂರ್ತಿ ಬರುವುದಿಲ್ಲ. ಗೆಳೆಯ ಮೇಜಿನ ಮೇಲೆ ತಾಳ ಬಾರಿಸಲಿ. ಆ ಸದ್ದಿನ ನಡುವೆಯೂ ಯಾವ ಗಿಟಾರಿನ ಹೊಡೆತ ಸ್ಪಷ್ಟವಾಗಿ ಕೇಳುತ್ತದೋ ಅದನ್ನು ತಗೊಳ್ಳಿ.

ಇನ್ನು ನಮ್ಮ ಸೀಮೆಯ ಬಿಸಿಲು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಗಿಟಾರಿನ ಮರಕ್ಕೆ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವ ಇದ್ದರೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಒಣ ಹವೆಯಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನ, ಅಷ್ಟು ತೇವ ಎಲ್ಲಿಂದ ಬರಬೇಕು? ಮರ ಕುಗ್ಗುತ್ತದೆ, ನೆಕ್ (ಗಿಟಾರಿನ ಕತ್ತು) ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ತುದಿ ಹೊರಚಾಚಿ ಅಂಗೈಗೆ ಗೀರುತ್ತವೆ. ಒಂದೇ ಹಲಗೆಯ ಸಾಲಿಡ್ ಟಾಪ್ ಆಗಿದ್ದರೆ ಬಿರುಕೂ ಬಿಡಬಹುದು. ಸಾಲಿಡ್ ಟಾಪ್‌ನ ದನಿ ನಿಜಕ್ಕೂ ಮೇಲು. ಯಮಹಾದ ಎಫ್‌ಜಿ 800 ಅಂಥದ್ದು. ಆದರೆ ಅದನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ರಂಧ್ರವಿರುವ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಿಂಡಿ ಇಟ್ಟು ನೋಡಿಕೊಳ್ಳುವ ತಾಳ್ಮೆ ಬೇಕು. ಅದು ಆಗದಿದ್ದರೆ ಪದರ ಅಂಟಿಸಿದ ಲ್ಯಾಮಿನೇಟ್ ಟಾಪನ್ನೇ ಕೊಳ್ಳಿ, ಅದರಲ್ಲಿ ಕೀಳೇನೂ ಇಲ್ಲ. ಯಾವುದು ಎಂದು ತಿಳಿಯಲು ನಡುವಿನ ರಂಧ್ರದ ಅಂಚು ನೋಡಿ: ಮರದ ಗೆರೆ ಮೇಲಿನಿಂದ ಒಳಗಿನವರೆಗೂ ಇಳಿದಿದ್ದರೆ ಸಾಲಿಡ್, ಪದರಗಳು ಕಂಡರೆ ಲ್ಯಾಮಿನೇಟ್. ಎರಡರಲ್ಲಿ ಯಾವುದಾದರೂ ಸರಿ, ತಗಡಿನ ಮನೆಯಲ್ಲಿ ಗೋಡೆಗೆ ನೇತುಹಾಕಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ.

ನೆಕ್‌ನೊಳಗೆ ಟ್ರಸ್ ರಾಡ್ ಇದೆಯೇ ಎಂದು ಕೇಳದೆ ದುಡ್ಡು ಕೊಡಬೇಡಿ. ಬಾಗಿದ ನೆಕ್ಕನ್ನು ತಿದ್ದುವ ಲೋಹದ ಸರಳು ಅದು. ಅಗ್ಗದ 38 ಇಂಚಿನ ಗಿಟಾರ್‌ಗಳು ಎಷ್ಟೋ ಅದಿಲ್ಲದೆಯೇ ಬರುತ್ತವೆ. ಅಂಥವಕ್ಕೆ ದಪ್ಪ ತಂತಿ ಹಾಕಿದರೆ ನೆಕ್ ಬಾಗುತ್ತದೆ. ನಿಮಗೆ ಬೇಕಾದದ್ದು 12ರ ಸೆಟ್, ಅಂದರೆ ಅತಿ ತೆಳುವಾದ ಮೊದಲ ತಂತಿ 0.012 ಇಂಚಿನದು. 10ರ ತಂತಿ ಬೆರಳಿಗೆ ಹಗುರ, ಗುಂಪಿನಲ್ಲಿ ದನಿಯೂ ಹಗುರ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿ ಸುಮಾರು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿರಲಿ. ತೀರಾ ತಗ್ಗಿಸಿದರೆ ಜೋರಾಗಿ ಬಾರಿಸಿದಾಗ ಗರಗರ ಅನ್ನುತ್ತದೆ.

ಜಾತ್ರೆ, ಗಣೇಶ ಪೆಂಡಾಲಿನಲ್ಲಿ ಮೈಕ್ ಮೇಲೆಯೇ ಹಾಡುವುದು ಹೆಚ್ಚೆಂದಾದರೆ ಲೆಕ್ಕ ಬದಲಾಗುತ್ತದೆ. ಆಗ ಪಿಕಪ್ (ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವ ಗಿಟಾರ್ ಬೇಕು, ಒಡಲು ಸಣ್ಣದಾದರೂ ನಡೆಯುತ್ತದೆ. ದೊಡ್ಡ ಒಡಲು ಸ್ಪೀಕರ್ ಮುಂದೆ ಬೇಗ ಕೀಂ ಎಂದು ಕೂಗುತ್ತದೆ.

ಕೊನೆಯದಾಗಿ, ಒಂದು ಕೇಪೋಗೆ, ಅಂದರೆ ತಂತಿಗಳನ್ನೆಲ್ಲ ಒಂದು ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಕ್ಲಿಪ್ಪಿಗೆ, ದುಡ್ಡು ಉಳಿಸಿಕೊಳ್ಳಿ. ಹಾರ್ಮೋನಿಯಂನವರು ಹಾಡುಗಾರರಿಗೆ ತಕ್ಕಂತೆ ಕರಿ ಒಂದು, ಕರಿ ಐದು ಅನ್ನುತ್ತಾರೆ, ಅಂದರೆ ಹಾಡಿನ ಷಡ್ಜ ಎಷ್ಟನೇ ಕರಿ ಮನೆಯಲ್ಲಿದೆ ಎಂದು. ಮೊದಲ ಫ್ರೆಟ್‌ಗೆ ಕೇಪೋ ಹಾಕಿ ಸಿ ಕಾರ್ಡ್ ಹಿಡಿದರೆ ಕರಿ ಒಂದು, ಡಿ ಹಿಡಿದರೆ ಕರಿ ಎರಡು, ಜಿ ಹಿಡಿದರೆ ಕರಿ ನಾಲ್ಕು, ಎ ಹಿಡಿದರೆ ಕರಿ ಐದು. ಕರಿ ಮೂರಕ್ಕೆ ಮಾತ್ರ ಎರಡನೇ ಫ್ರೆಟ್‌ಗೆ ಸರಿಸಿ ಇ ಹಿಡಿಯಿರಿ. ಹೀಗೆ ಕೆಲವು ತಂತಿಗಳು ಬೆರಳು ಒತ್ತದೆ ಬಿಚ್ಚಾಗಿ ಮೊಳಗುವುದರಿಂದ ದನಿಯೂ ಹೆಚ್ಚುತ್ತದೆ. ಶ್ರುತಿಯನ್ನು ಮಾತ್ರ ಮೊಬೈಲ್ ಟ್ಯೂನರ್ ನೋಡಿ ಮಾಡಬೇಡಿ, ಹಾರ್ಮೋನಿಯಂಗೆ ಕೂಡಿಸಿ. ಹಳೆಯ ಪೆಟ್ಟಿಗೆಯ ರೀಡುಗಳು ಟ್ಯೂನರಿನ ಲೆಕ್ಕಕ್ಕೆ ಸರಿಯಾಗಿಯೇ ಇರುತ್ತವೆ ಎಂದೇನಿಲ್ಲ, ಕೂತಲ್ಲೇ ಅವುಗಳನ್ನು ತಿದ್ದಲೂ ಆಗದು. ಗಿಟಾರಿನ ಕಿವಿ ತಿರುಗಿಸುವುದು ಒಂದು ನಿಮಿಷದ ಕೆಲಸ.