ರೋಬಾಟ್ ಟ್ರೆಡ್‌ಮಿಲ್‌ನಲ್ಲಿ ನಡೆಸಿದರೆ ತಮ್ಮ ಮತ್ತೆ ನಡೆಯುತ್ತಾನೆಯೇ?

ಪ್ರಶ್ನೆ: ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಐದು ತಿಂಗಳಾಯಿತು. ಟಿ10 ಮಟ್ಟದಲ್ಲಿ, ಅಂದರೆ ಎದೆಭಾಗದ ಹತ್ತನೇ ಬೆನ್ನುಮೂಳೆಯ ಮಟ್ಟದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿದೆ. ರೋಬಾಟ್ ಯಂತ್ರದಲ್ಲಿ ನಡೆಸಿದರೆ ನಡೆಯುತ್ತಾನೆ ಎನ್ನುತ್ತಾರೆ. ಸಾಲ ಮಾಡಿಯಾದರೂ ಕೊಡಿಸಲೇ?

ಉತ್ತರ: ಸಾಲಕ್ಕೆ ಕೈಹಾಕುವ ಮುಂಚೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಅಕ್ಷರ ಹುಡುಕಿ. ಬೆನ್ನುಹುರಿಯ ಪೆಟ್ಟು ಎಷ್ಟು ತೀವ್ರ ಎಂದು ಅಳೆಯುವ 'ಏಷಿಯಾ' ಅಥವಾ 'ಎಐಎಸ್' ಎಂಬುದರ ಮುಂದೆ ಎ, ಬಿ, ಸಿ, ಡಿ ಎಂದು ಬರೆದಿರುತ್ತಾರೆ. ಎ ಎಂದರೆ ಗುದದ್ವಾರದ ಸುತ್ತ ಸ್ಪರ್ಶವೂ ಇಲ್ಲ, ಅಲ್ಲಿನ ಸ್ನಾಯುವನ್ನು ಬಿಗಿಹಿಡಿಯಲೂ ಆಗದು. ಬಿ ಯಲ್ಲಿ ಸ್ಪರ್ಶ ಮಾತ್ರ ಉಳಿದಿದೆ. ಸಿ, ಡಿ ಯಲ್ಲಿ ಚಲನೆಯೂ ಸ್ವಲ್ಪ ಉಳಿದಿದೆ. ಅಪಘಾತದ ಮೊದಲ ದಿನಗಳಲ್ಲಿ ಬರೆದ ಅಕ್ಷರ ಆಮೇಲೆ ಬದಲಾಗಬಹುದು, ಆದ್ದರಿಂದ ಈಗ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ನಡಿಗೆಯ ಆಸೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ಯಂತ್ರದ ಬೆಲೆಗಿಂತ ಈ ಅಕ್ಷರವೇ ಚೆನ್ನಾಗಿ ಹೇಳುತ್ತದೆ.

ಲೋಕೋಮ್ಯಾಟ್‌ನಂಥ ಯಂತ್ರದಲ್ಲಿ ರೋಗಿಯನ್ನು ಸೊಂಟಪಟ್ಟಿಯಿಂದ ಮೇಲಕ್ಕೆ ತೂಗುಹಾಕಿ, ಸೊಂಟ ಮತ್ತು ಮಂಡಿಯ ಮೋಟಾರುಗಳಿಂದ ಕಾಲನ್ನು ಟ್ರೆಡ್‌ಮಿಲ್ ಮೇಲೆ ಹೆಜ್ಜೆ ಹಾಕಿಸುತ್ತಾರೆ. ಕಡಿದ ನರವನ್ನು ಅದು ಜೋಡಿಸದು. ಉಳಿದಿರುವ ಎಳೆಗಳಿಗೆ ನೂರಾರು ಹೆಜ್ಜೆಗಳ ಅಭ್ಯಾಸ ಕೊಡುತ್ತದೆ, ಥೆರಪಿಸ್ಟ್‌ಗಳ ಕೈ ಸೋಲುವುದನ್ನೂ ತಪ್ಪಿಸುತ್ತದೆ. ಆದರೆ ಅಪೂರ್ಣ ಗಾಯವಾದವರಿಗೆ (ಬಿ, ಸಿ, ಡಿ ಅಕ್ಷರದವರಿಗೆ) ಹೀಗೆ ತೂಗುಹಾಕಿ, ಥೆರಪಿಸ್ಟ್‌ಗಳೇ ಕೈಯಿಂದ ಕಾಲು ಆಡಿಸಿದ ಟ್ರೆಡ್‌ಮಿಲ್ ತರಬೇತಿಯನ್ನು ನೆಲದ ಮೇಲಿನ ಅಭ್ಯಾಸದೊಂದಿಗೆ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. 12 ವಾರಗಳ ತರಬೇತಿಯಾದ ಮೇಲೆ ಎರಡೂ ಗುಂಪುಗಳ ನಡಿಗೆ ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಮ್ಮೂರಿನ ಹತ್ತಿರ ಪ್ಯಾರಲಲ್ ಬಾರ್‌ನಲ್ಲಿ (ಎರಡೂ ಬದಿ ಹಿಡಿದು ನಡೆಯುವ ಸರಳುಗಳಲ್ಲಿ) ವಾರಕ್ಕೆ ನಾಲ್ಕೈದು ದಿನ ಶ್ರದ್ಧೆಯಿಂದ ನಡೆಸುವವರು ಸಿಕ್ಕರೆ, ಯಂತ್ರಕ್ಕಾಗಿ ಮನೆ ಅಡವಿಡಬೇಡಿ ಎಂದೇ ನಾವು ಹೇಳುತ್ತೇವೆ.

ಯಂತ್ರದಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ರೋಗಿ ಬರೀ ಜೋತುಬಿದ್ದಿರುವುದು. ದೇಹದ ಅರ್ಧ ಭಾರವನ್ನು ಪಟ್ಟಿಯೇ ಹೊತ್ತು, ಮೋಟಾರೇ ಪೂರ್ತಿ ಹೆಜ್ಜೆ ಹಾಕಿಸಿದರೆ ಸ್ನಾಯುಗಳಿಗೆ ಕೆಲಸವೇ ಇಲ್ಲ. ಮಂಡಿ ಕುಸಿಯದಷ್ಟರ ಮಟ್ಟಿಗೆ ಆಸರೆಯನ್ನೂ ಮೋಟಾರಿನ ನೆರವನ್ನೂ ಇಳಿಸುತ್ತ ಬರಬೇಕು. "ಈ ವಾರ ಎಷ್ಟು ಇಳಿಸಿದಿರಿ?" ಎಂದು ಥೆರಪಿಸ್ಟ್‌ರನ್ನು ಕೇಳಿ.

ಯಂತ್ರ ಹತ್ತುವ ಮುಂಚೆ ಮೂತ್ರಕೋಶ ಖಾಲಿಯಿರಲಿ, ಕ್ಯಾತಿಟರ್ ಕೊಳವೆ ತೊಡೆಪಟ್ಟಿಯಡಿ ಸಿಕ್ಕಿಕೊಳ್ಳದಿರಲಿ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಮೂತ್ರ ಕಟ್ಟಿದರೂ ಸಾಕು, ಬಿಪಿ ದಿಢೀರನೆ ಏರಿ ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ಅದು ತುರ್ತುಸ್ಥಿತಿ. ತಿಂಗಳುಗಟ್ಟಲೆ ಮಲಗಿದ್ದವರಿಗೆ ನಿಲ್ಲಿಸಿದೊಡನೆ ಬಿಪಿ ಇಳಿಯುವುದೂ ಉಂಟು, ಅಂಥವರಿಗೆ ಮೊದಲು ಟಿಲ್ಟ್ ಟೇಬಲ್ (ಮಲಗಿಸಿ ನಿಧಾನಕ್ಕೆ ನೆಟ್ಟಗೆ ಎತ್ತುವ ಮೇಜು) ಬೇಕು. ಮುಗಿದ ಮೇಲೆ ಪಟ್ಟಿ ಬಿಚ್ಚಿ ತೊಡೆಸಂದು, ಮೊಣಕಾಲಿನ ಕೆಳಗೆ, ಹಿಮ್ಮಡಿ ನೋಡಿ. ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಮರುದಿನ ಪಟ್ಟಿ ಹಾಕಬಾರದು. ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣು ಹೀಗೆಯೇ ಶುರುವಾಗುತ್ತದೆ. ಮಂಡಿಯ ಸುತ್ತಲಿನ ಮೂಳೆಯೂ ಸವೆದಿರುತ್ತದೆ, ಸಾಂದ್ರತೆ ಪರೀಕ್ಷಿಸದೆ ಹತ್ತಿಸಬೇಡಿ.

ರೀವಾಕ್‌ನಂಥ, ಕಾಲಿಗೆ ಧರಿಸಿ ನೆಲದ ಮೇಲೆ ನಡೆಯುವ ಯಂತ್ರ ಬೇರೆ. ಅಮೆರಿಕದಲ್ಲಿ 2014ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಊರುಗೋಲು ಬೇಕೇ ಬೇಕು. ಕಳಚಿಟ್ಟರೆ ನಡಿಗೆಯೂ ನಿಲ್ಲುತ್ತದೆ.

ಶುರುವಿನಲ್ಲೇ 10 ಮೀಟರ್ ನಡಿಗೆಯ ಸಮಯ ಬರೆದಿಡಿ, ನಡೆಯಲಾಗದಿದ್ದರೆ ಪ್ರತಿ ಸ್ನಾಯುವಿನ ಬಲದ ಅಂಕ ಬರೆದಿಡಿ. ಎಂಟು ವಾರದ ಮೇಲೂ ಏನೂ ಏರದಿದ್ದರೆ ಉಳಿದ ಹಣವನ್ನು ತಮ್ಮನ ಅಳತೆಯ ಕ್ಯಾಲಿಪರ್ (ಕಾಲಿಗೆ ಆಸರೆಯ ಪಟ್ಟಿ), ಒಳ್ಳೆಯ ಗಾಲಿಕುರ್ಚಿ, ಹುಣ್ಣಾಗದ ಕುಶನ್ ಮತ್ತು ಬಚ್ಚಲಿನ ಹಿಡಿಕೆಗೆ ಹಾಕಿ.