‘ಒಂದು ಚೂರು ತಿಂದರೆ ಏನಾಗುತ್ತೆ?’

ಶ್ರಾವಣದ ಒಂದು ಸೋಮವಾರ. ಊಟದ ಬೆಲ್ ಹೊಡೆದು ಐದು ನಿಮಿಷ ಆಗಿರಬಹುದು. 8ನೇ ತರಗತಿಯ ಹುಡುಗಿಯೊಬ್ಬಳು ಅಳುತ್ತಾ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಗುಡಿಯಿಂದ ತಂದ ಕೊಬ್ಬರಿ ಸಕ್ಕರೆ. “ಮಿಸ್, ಅವಳು ನಮ್ಮ ದೇವರ ಪ್ರಸಾದ ಬೇಡ ಅಂದಳು.”

ಅವಳು ಅಂದರೆ ಪಕ್ಕದಲ್ಲೇ ಕೂರುವ ಗೆಳತಿ. ಅವರದು ಕ್ರೈಸ್ತ ಕುಟುಂಬ. ಬೇರೆ ದೇವರ ಮುಂದೆ ಇಟ್ಟದ್ದನ್ನು ಅವರ ಮನೆಯಲ್ಲಿ ತಿನ್ನುವುದಿಲ್ಲ. ನನ್ನ ಪಕ್ಕದಲ್ಲಿದ್ದ ಶಿಕ್ಷಕರೊಬ್ಬರು ಥಟ್ಟನೆ ಅಂದರು: “ಒಂದು ಚೂರು ತಿಂದರೆ ಏನಾಗುತ್ತೆ ಅವಳಿಗೆ?”

ಸಮಾಜ ವಿಜ್ಞಾನ ಕಲಿಸಲು ಶುರುಮಾಡಿ ಇಪ್ಪತ್ತೆರಡು ವರ್ಷ ಆಯಿತು. ಈ ಮಾತನ್ನೂ ಅಷ್ಟೇ ವರ್ಷದಿಂದ ಕೇಳುತ್ತಿದ್ದೇನೆ. ಹೇಳುವವರು ಕೆಟ್ಟವರಲ್ಲ, ಜಾಸ್ತಿ ಜನ ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಎಲ್ಲ ಧರ್ಮವೂ ಒಂದೇ ಅಲ್ವಾ, ಹಾಗಿದ್ದ ಮೇಲೆ ತಿನ್ನೋಕೇನು ಅನ್ನುವುದು ಅವರ ಲೆಕ್ಕ. ಆಗಸ್ಟ್ 15ಕ್ಕೆ ಮೂರು ಮಕ್ಕಳಿಗೆ ವಿಭೂತಿ, ಟೋಪಿ, ಶಿಲುಬೆ ಹಾಕಿಸಿ ಕೈ ಕೈ ಹಿಡಿಸಿ ನಿಲ್ಲಿಸುತ್ತೇವಲ್ಲ, ಅಲ್ಲೂ ಇದೇ ಪಾಠ.

ಆದರೆ ಮಕ್ಕಳಿಗೆ ಕಣ್ಣಿದೆ. ಪಕ್ಕದ ಮನೆಯವರು ಬೇರೆ ಥರ ಪ್ರಾರ್ಥನೆ ಮಾಡುತ್ತಾರೆ, ಬೇರೆ ದಿನ ಉಪವಾಸ ಇರುತ್ತಾರೆ, ನಾವು ತಿನ್ನುವ ಕೆಲವನ್ನು ಮುಟ್ಟುವುದೇ ಇಲ್ಲ ಅಂತ ಅವರಿಗೆ ಗೊತ್ತು. ‘ಒಂದೇ’ ಅಂತ ಕಲಿತ ಮಗುವಿಗೆ ಗೆಳತಿಯ ‘ಬೇಡ’ ಅವಮಾನದ ಹಾಗೆ ಕೇಳುತ್ತದೆ. ಎಲ್ಲವೂ ಒಂದೇ ಆಗಿದ್ದರೆ ಸಂವಿಧಾನದಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ಯಾಕೆ ಬೇಕಿತ್ತು? 25ನೇ ವಿಧಿಯಲ್ಲಿ ಧರ್ಮದ ಆಚರಣೆ, ಪ್ರಚಾರಕ್ಕಿಂತ ಮೊದಲು ಬರುವುದು ಮನಸ್ಸಾಕ್ಷಿಯ ಸ್ವಾತಂತ್ರ್ಯ. ‘ನಾನು ನಂಬುತ್ತೇನೆ’ ಅನ್ನುವ ಹಕ್ಕು ಇದ್ದ ಹಾಗೆ ‘ಇದು ನನಗೆ ಬೇಡ’ ಅನ್ನುವ ಹಕ್ಕೂ ಅದರೊಳಗೇ ಇದೆ. ಮಕ್ಕಳು 25ರಿಂದ 28ರವರೆಗಿನ ವಿಧಿಗಳನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಈ ‘ಬೇಡ’ ಮಾತ್ರ ಯಾರ ತಲೆಗೂ ಹೋಗುವುದಿಲ್ಲ, ಕಲಿಸುವ ನಮಗೂ ಸೇರಿ.

ಆ ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ. “ಇವತ್ತು ನಿಮ್ಮ ಅಜ್ಜಿ ಬೆಳಿಗ್ಗೆ ತಿಂಡಿ ತಿಂದ್ರಾ?”

“ಇಲ್ಲ ಮಿಸ್. ಶ್ರಾವಣ ಸೋಮವಾರ ಅಲ್ವಾ, ಒಪ್ಪತ್ತು.”

“ಅಮ್ಮ ಕೊಟ್ಟಿದ್ದು ಬೇಡ ಅಂದ್ರಲ್ಲ, ಅಮ್ಮನಿಗೆ ಅವಮಾನ ಆಯ್ತಾ?”

“ಇಲ್ಲಪ್ಪ. ಅದು ಅಜ್ಜಿ ನೇಮ.”

“ಇದು ನಿನ್ನ ಗೆಳತಿ ನೇಮ.”

ಸ್ವಲ್ಪ ಹೊತ್ತು ಪೊಟ್ಟಣ ನೋಡುತ್ತಾ ಕೂತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು ಹೋದಳು. ನಾನು ಹಿಂದೆಯೇ ಹೋದೆ. “ಹಾಗಾದ್ರೆ ನಮ್ಮನೆ ಚಕ್ಕುಲಿ ತಿಂತೀಯಾ? ಅದು ದೇವರ ಮುಂದೆ ಇಟ್ಟಿದ್ದಲ್ಲ ಕಣೇ,” ಅಂತ ಕೇಳುತ್ತಿದ್ದಳು. ಗೆಳತಿ ಆಗಲೇ ಡಬ್ಬಿಗೆ ಕೈ ಹಾಕಿದ್ದಳು.

ದೊಡ್ಡ ಮಕ್ಕಳಿಗಾದರೆ ಕೇರಳದ ಮೂವರು ಮಕ್ಕಳ ಕಥೆ ಹೇಳುತ್ತೇನೆ. 1985ರಲ್ಲಿ ನಡೆದದ್ದು. ಒಂದೇ ಮನೆಯ ಅಣ್ಣತಂಗಿಯರು, ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗೆ ಮಾಡುವ ಪ್ರಾರ್ಥನೆ ಬಿಟ್ಟು ಬೇರೆ ಯಾವ ಆಚರಣೆಯಲ್ಲೂ ಸೇರುವಂತಿಲ್ಲ ಅನ್ನುವುದು ಅವರ ನಂಬಿಕೆ. ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತಿದ್ದಾರೆ, ಹಾಡಲಿಲ್ಲ ಅಂದಮಾತ್ರಕ್ಕೆ ಅಗೌರವ ಆಗುವುದಿಲ್ಲ ಅಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ.

ಕಥೆ ಮುಗಿದ ಕೂಡಲೇ ತರಗತಿಯಲ್ಲಿ ಗಲಾಟೆ ಏಳುತ್ತದೆ. “ಅದು ಹೇಗೆ ಮಿಸ್?” ಏಳಲಿ. ನಾನು ಅವಸರ ಮಾಡುವುದಿಲ್ಲ. ತನಗೆ ಹಿಡಿಸದ ನಂಬಿಕೆಯ ಜಾಗದಲ್ಲಿ ಒಂದು ನಿಮಿಷ ನಿಂತು ಯೋಚಿಸುವುದೇ ಆ ದಿನದ ಪಾಠ.

ನಾನು ವಕೀಲೆಯಲ್ಲ. ಇದನ್ನು ಹಿಡಿದುಕೊಂಡು ಯಾರೂ ಶಾಲೆಯ ಜೊತೆ ಜಗಳಕ್ಕೆ ಹೋಗಬೇಡಿ. ಆ ಮಕ್ಕಳ ಸಂದರ್ಭವೇ ಬೇರೆ, ನಿಮ್ಮದು ಬೇರೆ ಇರಬಹುದು. 25ನೇ ವಿಧಿಗೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಇದೆ. ಆದರೆ ಶಿಕ್ಷಕರು ಒಂದನ್ನು ಮರೆಯುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆಗೋ ಧರ್ಮಬೋಧನೆಗೋ ಕೂರಿಸುವಂತಿಲ್ಲ. 28ನೇ ವಿಧಿಯಲ್ಲೇ ಇದೆ.

ಬೇಡ ಅನ್ನುವ ಮಗುವಿಗೂ ಹೇಳಿಕೊಡುವುದಿದೆ. ಮುಖ ತಿರುಗಿಸಿ ಡಬ್ಬಿ ತಳ್ಳುವುದು ಬೇರೆ, “ನಮ್ಮನೇಲಿ ತಿನ್ನಲ್ಲ ಕಣೇ, ಬೇಜಾರಾಗಬೇಡ” ಅನ್ನುವುದು ಬೇರೆ. ಈ ಮಾತು ಮನೆಯಲ್ಲೇ ಅಭ್ಯಾಸ ಆಗಬೇಕು. ಇನ್ನೊಂದು, ದಯವಿಟ್ಟು ತರಗತಿಯಲ್ಲಿ ಒಂದು ಮಗುವನ್ನು ಎಬ್ಬಿಸಿ “ನಿಮ್ಮವರಲ್ಲಿ ಯಾಕೆ ಹಾಗೆ?” ಅಂತ ಕೇಳಬೇಡಿ. ಹದಿಮೂರು ವರ್ಷದ ಮಗು ಇಡೀ ಸಮುದಾಯದ ಪರವಾಗಿ ಉತ್ತರ ಕೊಡಬೇಕೇ? ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ.

ಒಂದು ಡಿಸೆಂಬರ್‌ನಲ್ಲಿ ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಗುಡ್ಡವಿದೆ. ತುದಿಯಲ್ಲಿ ಕ್ರಿ.ಶ. 634ರ, ಕವಿ ರವಿಕೀರ್ತಿಯ ಶಾಸನ ಇರುವ ಮೇಗುತಿ ಜೈನ ಬಸದಿ, ಅದಕ್ಕಿಂತ ಸ್ವಲ್ಪ ಕೆಳಗೆ ಬೌದ್ಧ ಗುಡಿ. ಕೆಳಗೆ ಊರಲ್ಲಿ ಶಿವನ, ವಿಷ್ಣುವಿನ ಗುಡಿಗಳು. ಎಲ್ಲ ನೋಡಿ ಇಳಿಯುವಷ್ಟರಲ್ಲಿ ತಡವಾಯಿತು. ನಮ್ಮ ಜೊತೆ ಒಬ್ಬ ಜೈನ ಹುಡುಗ ಇದ್ದ, ಹೊತ್ತು ಮುಳುಗಿದ ಮೇಲೆ ತಿನ್ನುವವನಲ್ಲ. ಬೆಳಗಿನಿಂದ ಅದನ್ನು ನೆನಪಿಟ್ಟುಕೊಂಡಿದ್ದ ನಾನೇ ಆ ಗಡಿಬಿಡಿಯಲ್ಲಿ ಮರೆತಿದ್ದೆ.

ಹಿಂದಿನ ಸೀಟಿನ ಹುಡುಗರು ಮರೆತಿರಲಿಲ್ಲ. “ಅಣ್ಣಾ, ಗಾಡಿ ನಿಲ್ಲಿಸಿ, ಅವನ ಊಟ ಆಗಬೇಕು” ಅಂತ ಡ್ರೈವರಿಗೆ ಕೂಗಿದರು. ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಬಸ್ ನಿಂತಿತು. ಅವನು ಬುತ್ತಿ ಬಿಚ್ಚಿ ಗಬಗಬ ತಿನ್ನತೊಡಗಿದ. ರಂಜಾನಿನಲ್ಲಿ ರೋಜಾ ಇರುವ ಅವನ ಗೆಳೆಯ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಪಡುವಣ ನೋಡುತ್ತಾ ಹೇಳುತ್ತಿದ್ದ: “ನಿಧಾನ ತಿನ್ನೋ, ಇನ್ನೂ ಇದೆ... ಇನ್ನೂ ಇದೆ.”